ರಾಜಹಂಸಗಳಿಗೆ ಹೇಳಿದ ‘ಆತ್ರಿ, ಏಳ್ರಿ’

ತಪ್ಪು ನನ್ನದು. ಇದನ್ನು ಕೊನೆಯವರೆಗೆ ಬಚ್ಚಿಟ್ಟು ಬರೆಯಬಹುದಿತ್ತು, ಆದರೆ ನಾಲ್ಕು ತಾಲೂಕಿನ ಫೋಟೊಗ್ರಾಫರುಗಳಿಗೆ ಆಗಲೇ ಗೊತ್ತಿರುವ ಸಂಗತಿಯನ್ನು ನಾನೊಬ್ಬ ಮುಚ್ಚಿಟ್ಟರೆ ನಮ್ಮ ಓಣಿಯ ಚಹಾದಂಗಡಿಯವನೂ ನಗುತ್ತಾನೆ. ಕೃಷ್ಣೆಯ ಹಿನ್ನೀರಿನಲ್ಲಿ ಇಳಿದಿದ್ದ ನೂರಾರು ರಾಜಹಂಸಗಳನ್ನು ಎರಡೇ ಮಾತಿನಲ್ಲಿ ಎಬ್ಬಿಸಿ ಕಳಿಸಿದವನು ನಾನು. ಆ ಮಾತು ನನ್ನದಲ್ಲ, ದನಿಯೂ ನನ್ನದಲ್ಲ. ಎರಡೂ ಕದ್ದದ್ದು. ಯಾರಿಂದ ಕದ್ದಿದ್ದೆನೋ ಅವರ ಭುಜಕ್ಕೆ ಭುಜ ತಾಗಿಸಿ ಕುಳಿತೇ ಬಳಸಿದೆ.

ನಾನು ಮಿಮಿಕ್ರಿ ಮಾಡುವವನು. ಮದುವೆಗಳಲ್ಲಿ ಮೈಕು ಹಿಡಿಯುತ್ತೇನೆ. ಒಂದು ಪಂಕ್ತಿ ಉಂಡು ಏಳುವ ತನಕ ಇನ್ನೊಂದು ಪಂಕ್ತಿಯವರು ಹಸಿವು ಮರೆತು ನಗುತ್ತಿರಬೇಕು, ಅಷ್ಟು ನನ್ನ ಕೆಲಸ. ಕಂಡಕ್ಟರು, ತಹಶೀಲ್ದಾರರ ಕಚೇರಿಯ ಗುಮಾಸ್ತ, ಸಿಟ್ಟಿಗೆದ್ದ ಬೀಗತಿ, ಮೂಗು ಕಟ್ಟಿದ ಪುರೋಹಿತರು, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಗಿದ್ದಾರೆ. “ನಮ್ಮನ್ಯಾಗ ಇಪ್ಪತ್ತ ಮಂದಿ ಮಾತಾಡ್ತಾರ, ದುಡ್ಯಾಕ ಹೋಗಂದ್ರ ಒಬ್ಬನೂ ಇಲ್ಲ” ಎಂದು ಅಪ್ಪ ಬಂದವರ ಮುಂದೆಲ್ಲ ಹೇಳುತ್ತಾರೆ. ಅದನ್ನು ಅವರ ದನಿಯಲ್ಲೇ ಹೇಳಿ ತೋರಿಸಿದ್ದಕ್ಕೆ ಒಮ್ಮೆ ಊಟದ ತಾಟು ಹಾರಿ ಬಂದಿತ್ತು.

ನನ್ನ ಗಂಟಲಿನ ಎಲ್ಲ ಬಾಡಿಗೆದಾರರಲ್ಲಿ ಜನ ಮತ್ತೆ ಮತ್ತೆ ಕೇಳುತ್ತಿದ್ದದ್ದು ಒಬ್ಬರನ್ನು: ನಮ್ಮ ಇಂಡಿ ಊರಿನ ಫೋಟೊ ಚಾಚಾ.

ಚಾಚಾನ ಸ್ಟುಡಿಯೋ ನಿಂಬೆಹಣ್ಣಿನ ವ್ಯಾಪಾರಿಗಳ ಮಳಿಗೆಯ ಮೇಲಿದೆ. ಹದಿನಾಲ್ಕು ಮೆಟ್ಟಿಲು ಹತ್ತಬೇಕು. ಹತ್ತಿ ಮುಗಿಯುವ ಹೊತ್ತಿಗೆ ಮೈಗೆಲ್ಲ ನಿಂಬೆಯ ವಾಸನೆ ಅಂಟಿರುತ್ತದೆ. ಒಳಗೆ ಒಂದು ಸ್ಟೂಲು, ಹಿಂದೆ ನೀಲಿ ಪರದೆ, ಗೋಡೆಯಲ್ಲಿ ಕನ್ನಡಿ, ಕನ್ನಡಿಗೆ ದಾರದಿಂದ ಕಟ್ಟಿದ ಬಾಚಣಿಕೆ. ಆ ಬಾಚಣಿಕೆ ತಾಗದ ತಲೆ ಇಂಡಿಯಲ್ಲಿ ಸಿಕ್ಕುವುದು ಕಷ್ಟ. ಕಾಲೇಜು ಅರ್ಧಕ್ಕೆ ಬಿಟ್ಟ ಮೇಲೆ ನಾನು ಎರಡು ವರ್ಷ ಅಲ್ಲಿ ಲೈಟು ಹಿಡಿದಿದ್ದೇನೆ. ಫೋಟೊ ತೆಗೆಯುವುದನ್ನು ಕಲಿಯಲಿಲ್ಲ, ಚಾಚಾನನ್ನು ಕಲಿತುಬಿಟ್ಟೆ.

ಸ್ಟೂಲಿನ ಮೇಲೆ ಕುಳಿತವರಿಗೆ ಅವರು ಹೇಳುತ್ತಿದ್ದದ್ದು ಮೂರು ಮಾತು. “ಗದ್ದ ಜರಾ ಎತ್ರಿ... ಭುಜ ಸಡ್ಲ ಬಿಡ್ರಿ... ಉಸುರ ಹಿಡೀರಿ...” ಆಮೇಲೆ ನಿಶ್ಶಬ್ದ. ಕೆಳಗೆ ನಿಂಬೆಹಣ್ಣು ಎಣಿಸುವವರ ದನಿ ಮಾತ್ರ. ಕ್ಲಿಕ್ ಅಂದ ಮೇಲೆ, ಬಾವಿಯಿಂದ ಕೊಡ ಮೇಲೆ ಬಂದಂತೆ ಕೊನೆಯಲ್ಲಿ ದನಿ ಏರಿಸಿ, “ಆತ್ರಿ, ಏಳ್ರಿ!” ಆ ಮಾತು ಬೀಳುವ ತನಕ ಯಾರೂ ಅಲುಗಾಡುವಂತಿಲ್ಲ. ಬಿದ್ದ ಮೇಲೆ ಕುಳಿತಿರುವಂತಿಲ್ಲ. ಮದುವೆಗಳಲ್ಲಿ ಮುತ್ಯಾನಿಂದ ಮೊಮ್ಮಗನ ತನಕ ಮೂರು ಸಾಲಿನಲ್ಲಿ ಕೂರಿಸಿ ತೆಗೆಯುವಾಗಲೂ ಇದೇ. ಇಂಡಿ, ಸಿಂದಗಿ ಕಡೆಯ ಮದುವೆ ಫೋಟೊಗ್ರಾಫರುಗಳೆಲ್ಲ ಅವರ ಕೈಯಲ್ಲಿ ಪಳಗಿದವರು. ತಾವೂ ಅದೇ ಮಾತು ಹೇಳುತ್ತಾರೆ, ಬೇರೆಯವರು ಹೇಳಿದರೆ ತಾವೂ ಎದ್ದು ನಿಲ್ಲುತ್ತಾರೆ. ಕಾಲಿಗೆ ಬುದ್ಧಿ ಇರುವುದಿಲ್ಲವಲ್ಲ, ಅಭ್ಯಾಸ ಇರುತ್ತದೆ.

ಇನ್ನೊಂದು ಮಾತಿತ್ತು ಅವರದು. ಫೋಟೊ ಕೈಗಿಡುವಾಗ “ಚಲೋ ಬಂದೈತಿ” ಎನ್ನುತ್ತಿದ್ದರು. ಕಣ್ಣು ಮುಚ್ಚಿದ್ದರೂ ಚಲೋ ಬಂದೈತಿ, ಕಿವಿ ಒಂದೇ ಕಂಡರೂ ಚಲೋ ಬಂದೈತಿ. ನನ್ನ ಆಧಾರಿನ ಫೋಟೊ ನೋಡಿದರೆ ಪೊಲೀಸರು ಯಾಕಿನ್ನೂ ಹಿಡಿದಿಲ್ಲ ಅನ್ನಿಸುವಂತಿದೆ. ಅದನ್ನೂ ಅವರು ಕಣ್ಣಿನ ಹತ್ತಿರ ಹಿಡಿದು, “ಚಲೋ ಬಂದೈತಿ ಮಗನ” ಅಂದಿದ್ದರು. ಜನ ಬೇಕೆಂದು ಕೇಳಿದ ಮಾರಿಯನ್ನು ಕೊಡಲಾಗುವುದಿಲ್ಲ, ಈ ಮಾತನ್ನಾದರೂ ಕೊಡೋಣ ಎಂಬ ಲೆಕ್ಕ ಇರಬೇಕು.

ಕೌಂಟರಿನ ಮೇಲೆ, ಹಳೆಯ ಮದುಮಕ್ಕಳ ಸಾಲಿನ ನಡುವೆ, ಒಂದು ಖಾಲಿ ಚೌಕಟ್ಟು ತೂಗುತ್ತಿತ್ತು. ಸಾಗವಾನಿಯದು, ಗಾಜೂ ಇದೆ, ಒಳಗೆ ಬಿಳಿ ಹಾಳೆ. ಯಾವುದೋ ಮದುವೆಗೆಂದು ಮಾಡಿಸಿದ್ದು; ಮದುವೆಯೇ ಮುರಿದುಬಿದ್ದು ಯಾರೂ ಒಯ್ಯಲು ಬರಲಿಲ್ಲ. “ಇದರಾಗ ಯಾರದಾರ ಚಾಚಾ?” ಎಂದು ಗಿರಾಕಿಗಳು ಕೇಳಿದರೆ, “ನಾ ತಗಿಯೂದ ಐತಿ” ಎನ್ನುತ್ತಿದ್ದರು.

ಅವರು ತೆಗೆಯಬೇಕಾಗಿದ್ದದ್ದು ರಾಜಹಂಸ, ಫ್ಲೆಮಿಂಗೊ ಅನ್ನುತ್ತಾರಲ್ಲ ಆ ಹಕ್ಕಿ. ಮೀಸೆ ಕಪ್ಪಗಿದ್ದ ಕಾಲದಲ್ಲಿ ಮುದ್ದೇಬಿಹಾಳದ ಕಡೆ ಒಂದು ನಿಕಾಹಿಗೆ ಫೋಟೊ ತೆಗೆಯಲು ಹೋಗಿದ್ದರಂತೆ. ದಾರಿಯಲ್ಲಿ ಗಾಡಿ ಕೆಟ್ಟಿತು. ನೀರು ಹಿಂದೆ ಸರಿದ ಬಯಲಿನಲ್ಲಿ ಹಕ್ಕಿಗಳು ನಿಂತಿದ್ದವು. ಡ್ರೈವರು ಬಾನೆಟ್ಟನ್ನು ದಪ್ಪಂತ ಮುಚ್ಚಿದಾಗ ಎಲ್ಲವೂ ಒಟ್ಟಿಗೆ ಎದ್ದವು. ರೆಕ್ಕೆಯ ಅಡಿಯ ಕೆಂಪು ಒಮ್ಮೆಲೇ ಬಿಚ್ಚಿಕೊಂಡಿತು. “ಯಾರೋ ನೀರಿನ ಮ್ಯಾಲ ದುಪಟ್ಟಾ ಝಾಡಿಸಿದಂಗ ಆತು” ಎನ್ನುತ್ತಿದ್ದರು. ಕೊರಳಲ್ಲಿ ಕ್ಯಾಮೆರಾ ಇತ್ತು. ರೀಲಿನಲ್ಲಿ ಉಳಿದದ್ದು ಮೂರೇ ಫೋಟೊ, ಮೂರೂ ಬೀಗರಿಗೆ ಮೀಸಲು. ತೆಗೆಯಲಿಲ್ಲ. ಆಮೇಲೆ ಐವತ್ತು ವರ್ಷ ಊರವರ ಮಾರಿಗಳೇ ಆಯಿತು. ತಮಗಾಗಿ ಅಂತ ಒಂದೂ ಫೋಟೊ ತೆಗೆದವರಲ್ಲ.

ಹೋದ ವರ್ಷ ಅವರು ಪಾಸ್‌ಪೋರ್ಟ್ ಫೋಟೊ ಕತ್ತರಿಸುವಾಗ ಒಬ್ಬರ ಕಿವಿಯನ್ನು ಕತ್ತರಿಸಿಬಿಟ್ಟರು. ಮರುದಿನ ಇನ್ನೊಬ್ಬರದು. ಸೊಲ್ಲಾಪುರದ ಕಣ್ಣಿನ ಡಾಕ್ಟರು ನೋಡಿ, ಬಲಗಣ್ಣು ಮುಗಿದಿದೆ, ಎಡಗಣ್ಣಿನ ನರವೂ ಒಣಗುತ್ತಾ ಬಂದಿದೆ, ಹೋದ ನೋಟ ತಿರುಗಿ ಬರುವುದಿಲ್ಲ, ಇದ್ದದ್ದು ಈ ಬೇಸಿಗೆ ದಾಟಿದರೆ ದೊಡ್ಡದು ಅಂದರು. ಚಾಚಾ ಹೇಳುವ ಪ್ರಕಾರ ಅವರಿಗೆ ಲೋಕ ಕೊಳವೆಯೊಳಗಿಂದ ನೋಡಿದಂತೆ ಕಾಣುತ್ತಿತ್ತು. ನಡುವೆ ಒಂದು ರೂಪಾಯಿಯಷ್ಟು ಬೆಳಕು, ಸುತ್ತ ಹೊಗೆ. “ಸಾಕಲೋ, ಕ್ಯಾಮೆರಾಕ ಅಷ್ಟ ಸಾಕ” ಅಂದರು.

ನಾಲ್ಕೂ ತಾಲೂಕಿನ ಫೋಟೊ ಹುಚ್ಚರದ್ದು ಒಂದು ವಾಟ್ಸಾಪ್ ಗುಂಪಿದೆ. ಬೆಳಗಾದರೆ ಹೂವು, ಸಂಜೆಯಾದರೆ ಸೂರ್ಯ, ನಡುವೆ ಗುಬ್ಬಿ. ಅದರಲ್ಲಿ ಹಕ್ಕಿಗಳ ಬಗ್ಗೆ ಖರೇ ಗೊತ್ತಿದ್ದವರು ಮುದ್ದೇಬಿಹಾಳದ ಒಬ್ಬ ಸಾಲಿ ಮಾಸ್ತರು ಮಾತ್ರ. ಫೆಬ್ರುವರಿಯಲ್ಲಿ ಅವರು ಸುದ್ದಿ ಹಾಕಿದರು: ತಂಗಡಗಿಯಿಂದ ಮುಂದೆ, ಹಿನ್ನೀರಿನ ಅಂಚಿನ ಪಕ್ಷಿಧಾಮದಲ್ಲಿ ರಾಜಹಂಸಗಳು ಇಳಿದಿವೆ. ನಾನು ಆ ಸುದ್ದಿಯನ್ನು ಚಾಚಾಗೆ ಓದಿ ಹೇಳಿದೆ. ಅವರು ಎದ್ದು ಚೌಕಟ್ಟಿನ ಗಾಜನ್ನು ಟವೆಲಿನಿಂದ ಒರೆಸಿದರು. ಧೂಳು ಇದ್ದದ್ದು ಪಕ್ಕದ ಫೋಟೊದ ಮೇಲೆ, ಒರೆಸಿದ್ದು ಈಗಾಗಲೇ ಸ್ವಚ್ಛವಿದ್ದದ್ದನ್ನು. ನಾನು ಬಾಯಿ ಮುಚ್ಚಿಕೊಂಡಿದ್ದ ಅಪರೂಪದ ಸಂದರ್ಭ ಅದು, ಹಾಗಾಗಿ ನೆನಪಿದೆ.

ನಸುಕಿನಲ್ಲಿ ಚಾಚಾನನ್ನೂ ನನ್ನನ್ನೂ ಇಂಡಿಯ ಇನ್ನಿಬ್ಬರು ಫೋಟೊ ಹುಚ್ಚರನ್ನೂ ಹೊತ್ತು ಒಂದು ಕ್ರೂಸರ್ ಜೀಪು ಹೊರಟಿತು. ಸಿಂದಗಿಯಲ್ಲಿ ಚಾಚಾನ ಹಳೆಯ ಶಿಷ್ಯ ಹತ್ತಿದ. ಈಗ ಅಲ್ಲಿ ದೊಡ್ಡ ಸ್ಟುಡಿಯೋ ಇಟ್ಟಿದ್ದಾನೆ, ಹೊಟ್ಟೆಯೂ ಲೆನ್ಸೂ ಒಂದೇ ಅಳತೆಯವು. ಜೊತೆಗೆ ಅವನ ಮೂವರು ಕೆಲಸಗಾರರು. ಬಸವನ ಬಾಗೇವಾಡಿಯಿಂದ ಔಷಧಿ ಅಂಗಡಿಯ ಸಾಹುಕಾರರು ತಮ್ಮದೇ ಕಾರಿನಲ್ಲಿ ಬಂದು ಮುದ್ದೇಬಿಹಾಳದಲ್ಲಿ ಕೂಡಿಕೊಂಡರು. ಕ್ಯಾಮೆರಾ ಕೊಂಡು ಎರಡು ವರ್ಷವಾಗಿದ್ದರೂ ಅದರ ಮೇಲಿನ ಪ್ಲಾಸ್ಟಿಕ್ ತೆಗೆದಿರಲಿಲ್ಲ. ನಾನು ಅವರ ದನಿಯಲ್ಲಿ, “ಇದನ್ನ ದಿನಾ ಊಟಾದ ಮ್ಯಾಲ ಎರಡ ಫೋಟೊ, ಮಲಗೂ ಮುಂದ ಒಂದ” ಎಂದೆ. ಅವರೇ ಮೊದಲು ನಕ್ಕರು. ಅಲ್ಲೇ ನಾಷ್ಟಾಕ್ಕೆ ಒಗ್ಗರಣಿ ಚುರುಮುರಿ, ಮಿರ್ಚಿ ಭಜಿ ತಿನ್ನುವಾಗ ಮಾಸ್ತರರನ್ನು ಮಾಡಿದೆ: “ಮಕ್ಕಳಽ, ಹಕ್ಕಿಗೆ ಎಷ್ಟು ಕಾಲು? ಹಿಂದಿನ ಬೆಂಚು, ನೀ ಹೇಳು.” ಅವರೂ ನಕ್ಕರು. ಎಲ್ಲರೂ ನಗುತ್ತಿದ್ದರು, ನಾನು ಉಬ್ಬುತ್ತಿದ್ದೆ. ಉಬ್ಬಿದ್ದು ಎಲ್ಲಿ ಒಡೆಯುತ್ತದೆ ಅನ್ನುವ ಜ್ಞಾನ ಮಿರ್ಚಿ ಕರಿಯುವವನಿಗೆ ಇರುತ್ತದೆ, ನನಗಿರಲಿಲ್ಲ.

ಚಾಚಾ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದಿದ್ದರು. ಹಕ್ಕಿಗಳು ಬೆದರುತ್ತವೆಂದು ಮಾಸ್ತರರು ತಮ್ಮ ಮಣ್ಣುಬಣ್ಣದ ಶಾಲು ಹೊದಿಸಿದರು. “ನಾನಽ ಮದುಮಗ ಆದ್ನೆಲಾ” ಎಂದು ಚಾಚಾ ಶಾಲನ್ನು ಸರಿಮಾಡಿಕೊಂಡರು.

ಪಕ್ಷಿಧಾಮ ಅಂದರೆ ಕಮಾನು, ಕಾರಂಜಿ ಏನಿಲ್ಲ. ಜಾಲಿಗಿಡದ ನಡುವೆ ಒಂದು ಕಾಲುದಾರಿ, ಕಾವಲುಗಾರನ ತಗಡಿನ ಗುಡಿಸಲು, ಆಮೇಲೆ ಎದೆಮಟ್ಟದ ಮಣ್ಣಿನ ಒಡ್ಡು. ಒಡ್ಡಿನಾಚೆ ಬಿರಿದ ಕರಿಮಣ್ಣು, ಅದರಾಚೆ ಮೊಣಕಾಲುದ್ದದ ನೀರು. ನೀರಿನಲ್ಲಿ ಅವು ಇದ್ದವು. ದೂರದಿಂದ ಯಾರೋ ಬಟ್ಟೆ ಒಣಹಾಕಿದ್ದಾರೆ ಅನ್ನಿಸಿತು; ಆಮೇಲೆ ಬಟ್ಟೆಗೆ ಕುತ್ತಿಗೆಗಳು ಬಂದವು.

ಮಾಸ್ತರರು ಒಡ್ಡಿನ ಹಿಂದೆ ಎಲ್ಲರನ್ನೂ ಕೂರಿಸಿ ಪಿಸುದನಿಯಲ್ಲಿ ಕಟ್ಟುಪಾಡು ಹಾಕಿದರು. “ಮೊದಲ ಫೋಟೊ ಚಾಚಾಂದು. ಅವರಿಗೆ ಕಣ್ಣಿಗೆ ಸಿಗಾಕ ಹೊತ್ತ ಬೇಕು. ಅವರು ತಮ್ಮ ಬಾಯಿಲೆ ‘ಆತ್ರಿ, ಏಳ್ರಿ’ ಅನ್ನೂತನಕ ಯಾರೂ ತಲಿ ಎತ್ತಬಾರದು. ಒಂದ ತಲಿ ಎದ್ದರ ಹಕ್ಕಿ ಎಲ್ಲಾ ಎದ್ದಂಗ. ಆಮ್ಯಾಲ ನೀವು ಕುಣೀರಿ ಬೇಕಾರ.”

“ಅಂವಾ ಸುಮ್ಮ ಕುಂದರ್ತಾನೇನ್ರಿ?” ಎಂದು ಸಿಂದಗಿಯವನು ನನ್ನತ್ತ ಗದ್ದ ತೋರಿಸಿದ.

“ಅವನ್ನ ನನ್ನ ಬಾಜೂಕ ಹಾಕ್ರಿ,” ಎಂದರು ಚಾಚಾ. “ನನಗ ಎಡಾ ಬಲಾ ಹೇಳಾಂವ ಒಬ್ಬ ಬೇಕ.”

ನನಗೆ ಸಿಕ್ಕ ಕೆಲಸ ಅದು. ಒಡ್ಡಿನಲ್ಲಿ ಒಂದು ಸೀಳು ಇತ್ತು. ಅಲ್ಲಿ ಕ್ಯಾಮೆರಾದ ಮೂತಿ ಇಟ್ಟು ಚಾಚಾ ಮಂಡಿಯೂರಿದರು. ಬಲಗಣ್ಣಿನ ಅಭ್ಯಾಸದ ಮನುಷ್ಯ, ಈಗ ಎಡಗಣ್ಣಿಗೆ ಇಡಬೇಕು; ಮೂಗು ಅಡ್ಡ ಬಂದು ಒದ್ದಾಡಿದರು. ನಾನು ಕಿವಿಯಲ್ಲಿ ಹೇಳುತ್ತಿದ್ದೆ: “ಎಡಕ್ಕ, ಚಾಚಾ... ಭಾಳಾತು, ಬಲಕ್ಕ... ಜರಾ ಕೆಳಗ.” ಕೊಳವೆಯಲ್ಲಿ ಹಕ್ಕಿ ಸಿಕ್ಕುತ್ತಿರಲಿಲ್ಲ. ನೀರು ಸಿಕ್ಕುತ್ತಿತ್ತು, ಆಕಾಶ ಸಿಕ್ಕುತ್ತಿತ್ತು. ಕಾಲು ಗಂಟೆ ಆಯಿತು. ಅರ್ಧ ಗಂಟೆ. ನನ್ನ ಕಾಲಿಗೆ ಜೋಮು ಹಿಡಿಯಿತು. ಹಿಂದೆ ತಿರುಗಿ ನೋಡಿದರೆ ಎಂಟು ಜನ ಒಡ್ಡಿಗೆ ಒರಗಿ, ಶಾಲಾ ಪ್ರಾರ್ಥನೆಯಲ್ಲಿ ನಿಂತ ಮಕ್ಕಳ ಹಾಗೆ ಮಾರಿ ಬಿಗಿದುಕೊಂಡು ಕುಳಿತಿದ್ದಾರೆ. ಸಿಂದಗಿಯವನ ಹೊಟ್ಟೆ ಒಡ್ಡಿನ ಮಣ್ಣನ್ನು ನಿಧಾನವಾಗಿ ಕೆಳಗೆ ತಳ್ಳುತ್ತಿತ್ತು.

ಅಷ್ಟು ಜನ ಅಷ್ಟು ಹೊತ್ತು ನಗದೆ ಕುಳಿತದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ನನಗೆ ಅದು ತಡೆಯುವುದಿಲ್ಲ. ಹೊಟ್ಟೆಯಿಂದ ಏನೋ ಮೇಲೆ ಬರತೊಡಗುತ್ತದೆ. ತೇಗು ಬಂದ ಹಾಗೆ, ತಡೆದರೆ ಎದೆ ನೋಯುತ್ತದೆ. ಸಾವಿನ ಮನೆಯಲ್ಲೂ ಒಮ್ಮೆ ಹೀಗಾಗಿ ಸೋದರಮಾವ ನನ್ನನ್ನು ಕುತ್ತಿಗೆ ಹಿಡಿದು ಹೊರಗೆ ಹಾಕಿದ್ದ.

ಆಗ ಚಾಚಾನ ಮೈ ಗಟ್ಟಿಯಾಯಿತು. “ಸಿಕ್ಕವು,” ಎಂದರು. ದನಿ ಕೇಳಿಸದಷ್ಟು ಸಣ್ಣಗಿತ್ತು. “ಲೇ, ಸಿಕ್ಕವು. ಕುತಗಿ ಕಾಣಾಕತ್ತೈತಿ. ಎರಡ... ಮೂರ ಅದಾವ.” ಉಸಿರು ಹಿಡಿದರು. ಬೆರಳು ಗುಂಡಿಯ ಮೇಲೆ ಬಂತು.

ಅವರು ಉಸಿರು ಹಿಡಿದದ್ದೇ ನನಗೆ ಕುಮ್ಮಕ್ಕಾಯಿತು. ಐವತ್ತು ವರ್ಷ ಎಲ್ಲರ ಉಸಿರು ಹಿಡಿಸಿದವರು ಇವತ್ತು ತಾವೇ ಹಿಡಿದಿದ್ದಾರೆ ಅನ್ನುವುದು ನನಗೆ ಎಷ್ಟು ಮಜಾ ಅನ್ನಿಸಿತೆಂದರೆ, ಹಿಂದಿದ್ದವರಿಗೆ ಕೇಳಿಸಲೆಂದು ಮೆಲ್ಲಗೆ, ಮೆಲ್ಲಗೆ ಎಂದೇ ಅಂದುಕೊಂಡಿದ್ದೆ, ಅವರ ದನಿ ತೆಗೆದೆ. “ಗದ್ದ ಜರಾ ಎತ್ರಿ... ಭುಜ ಸಡ್ಲ ಬಿಡ್ರಿ... ಉಸುರ ಹಿಡೀರಿ...” ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಚಾಚಾನ ದನಿಯನ್ನು ಅರ್ಧಕ್ಕೆ ನಿಲ್ಲಿಸಲು ಬರುವುದಿಲ್ಲ. ಕೊಡ ಬಾವಿಯ ನಡುವೆ ನಿಲ್ಲುವುದಿಲ್ಲ. “ಆತ್ರಿ, ಏಳ್ರಿ!”

ಎಂಟೂ ಜನ ಎದ್ದು ನಿಂತರು.

ಮೊದಲು ಎದ್ದವನು ಸಿಂದಗಿಯವನು, ಅವನ ಜೊತೆಗೆ ಅವನ ಮೂವರು. ಎದ್ದವರು ಅಂಗಿಯ ಮಣ್ಣನ್ನೂ ಝಾಡಿಸಿಕೊಂಡರು, ಮದುವೆ ಮಂಟಪದಲ್ಲಿ ಮಾಡುವ ಹಾಗೆಯೇ. ಕಟ್ಟುಪಾಡು ಹಾಕಿದ್ದ ಮಾಸ್ತರರೂ ಎದ್ದರು. ಅವರ ಮದುವೆಯ ಫೋಟೊ ತೆಗೆದದ್ದೂ ಚಾಚಾನೇ. ಅವರನ್ನೆಲ್ಲ ನಾನು ಇವತ್ತಿಗೂ ಬಯ್ಯಬಲ್ಲೆ. ಆದರೆ ಕಣ್ಣಿಗೆ ಕಟ್ಟಿದ್ದು ಬೇರೆ. ಆ ಮಾತು ಕಿವಿಗೆ ಬಿದ್ದದ್ದೇ ಚಾಚಾನ ಕೈಗಳೂ ಕೆಳಗಿಳಿದವು. ಆ ಮಾತು ಬಂತೆಂದರೆ ಫೋಟೊ ಮುಗಿಯಿತು, ಕ್ಯಾಮೆರಾ ಇಳಿಸಬೇಕು. ಕೈಗೆ ಗೊತ್ತಿದ್ದದ್ದು ಅಷ್ಟೇ. ಯಾರ ಬಾಯಿಂದ ಬಂತೆಂದು ಕೈ ಕೇಳಲಿಲ್ಲ. ಇಳಿಯುವ ರಭಸಕ್ಕೆ ಬೆರಳು ಒತ್ತಿ ಒಮ್ಮೆ ಕ್ಲಿಕ್ ಅಂದಿತು.

ಹಕ್ಕಿಗಳು ಎದ್ದವು. ನೀರಿನ ಮೇಲೆ ಓಡಿ, ಕಾಲು ಹಿಂದಕ್ಕೆ ಚಾಚಿ, ಒಂದೊಂದಾಗಿ, ಆಮೇಲೆ ಎಲ್ಲವೂ. ರೆಕ್ಕೆಯ ಅಡಿಯ ಕೆಂಪು ಬಿಚ್ಚಿಕೊಂಡಿತು. ಚಾಚಾ ಹೇಳುತ್ತಿದ್ದದ್ದು ಹಾಗೇ ಇತ್ತು, ಒಂದು ಮಾತೂ ಹೆಚ್ಚಲ್ಲ. ನನ್ನ ಸುತ್ತ ಎಲ್ಲ ಕ್ಯಾಮೆರಾಗಳೂ ಪಟಪಟ ಬಡಿದುಕೊಂಡವು. ಬಾಗೇವಾಡಿಯವರದೂ, ಪ್ಲಾಸ್ಟಿಕ್ ಸಮೇತ. ಚಾಚಾ ಮಾತ್ರ ಸೀಳಿನ ಮುಂದೆ ಮಂಡಿಯೂರಿ, “ಎಲ್ಲಿ? ಎತ್ಲಾಗ? ಎಡಕ್ಕೇನ?” ಎಂದು ಕ್ಯಾಮೆರಾವನ್ನು ಆಕಡೆ ಈಕಡೆ ತಿರುಗಿಸುತ್ತಿದ್ದರು. ಹೇಳಬೇಕಾದವನು ನಾನು. ಇಪ್ಪತ್ತು ಜನರಿದ್ದ ಗಂಟಲಲ್ಲಿ ಒಬ್ಬನೂ ಉಳಿದಿರಲಿಲ್ಲ.

ಕಾವಲುಗಾರ ಓಡಿಬಂದ. ಬಯ್ಯುತ್ತಾನೆಂದು ಕಾದೆವು. ಅವನು ಆಕಾಶವನ್ನೇ ನೋಡುತ್ತ, “ಇನ್ನ ಇತ್ಲಾಗ ಇಳ್ಯಾಂಗಿಲ್ರಿ ಅವು,” ಎಂದಷ್ಟೇ ಹೇಳಿ ಗುಡಿಸಲಿಗೆ ತಿರುಗಿದ. ಆದರೂ ಮಧ್ಯಾಹ್ನದ ತನಕ ಕುಳಿತೆವು. ಚಾಚಿ ಕಟ್ಟಿಕೊಟ್ಟಿದ್ದ ಖಡಕ್ ರೊಟ್ಟಿಯನ್ನು ಚಾಚಾ ಎಲ್ಲರಿಗೂ ಹಂಚಿದರು, ನನಗೂ.

ತಿರುಗಿ ಬರುವಾಗ ತಾಳಿಕೋಟೆ ದಾಟಿದ ಮೇಲೆ ಅವರು ಕ್ಯಾಮೆರಾದ ಹಿಂದಿನ ಪುಟ್ಟ ಪರದೆಯನ್ನು ಎಡಗಣ್ಣಿಗೆ ಹತ್ತಿಸಿ ನೋಡಿದರು. ಬಹಳ ಹೊತ್ತು ನೋಡಿದರು.

“ಇದು ಏನೋ? ಮಣ್ಣ ಕಾಣಾಕತ್ತೈತಿ. ಮಣ್ಣಾಗ ಒಂದ ಚಪ್ಪಲ ಐತಿ. ಯಾರದ?”

“ನಂದ, ಚಾಚಾ.”

“ಚಲೋ ಬಂದೈತಿ,” ಎಂದು ಕ್ಯಾಮೆರಾ ಆರಿಸಿದರು.

ಸಿಂದಗಿಯವನ ಫೋಟೊ ಅದ್ಭುತವಾಗಿ ಬಂದಿತ್ತು. ವಾಟ್ಸಾಪ್ ಗುಂಪಿನಲ್ಲಿ ಮೂರು ದಿನ ಅದಕ್ಕೇ ಕೈಮುಗಿದ ಚಿತ್ರಗಳು. ಅವನು ಒಳ್ಳೆಯ ಮನುಷ್ಯ. ದೊಡ್ಡದು ಮಾಡಿಸಿ, ಚೌಕಟ್ಟಿನ ಅಳತೆಗೆ ಕತ್ತರಿಸಿ, ಇಂಡಿಗೇ ತಂದುಕೊಟ್ಟ. “ಚಾಚಾ, ನಿಮ್ಮ ಕೈಯಾಗ ಕಲ್ತ ಕೈಯಿಂದ ತಗದದ್ದು. ನಿಮ್ಮದ ಅಂತ ತಿಳೀರಿ.” ಚಾಚಾ ಅದನ್ನು ಬೆರಳಿನಿಂದ ಸವರಿ, “ಚಲೋ ಬಂದೈತಿ” ಎಂದು ಅವನ ಬೆನ್ನು ತಟ್ಟಿದರು. ಅವನು ಮೆಟ್ಟಿಲಿಳಿದ ಮೇಲೆ ಸುರುಳಿ ಸುತ್ತಿ ಕಪಾಟಿನಲ್ಲಿಟ್ಟರು. ಚೌಕಟ್ಟು ಹಾಗೇ ಇತ್ತು. ನನ್ನನ್ನು ಅವರು ಬಯ್ಯಲಿಲ್ಲ. ಬಯ್ದಿದ್ದರೆ ಆ ಬೈಗುಳವನ್ನಾದರೂ ಕಲಿತು ನಾಲ್ಕು ಕಡೆ ಮಾಡಿ ಹಗುರಾಗುತ್ತಿದ್ದೆ.

ಆ ತಿಂಗಳಿನಲ್ಲೇ ಎಡಗಣ್ಣೂ ಇಳಿಯಿತು. ಮೊದಲು ಮೆಟ್ಟಿಲು ಎಣಿಸಿ ಇಳಿಯತೊಡಗಿದರು, ಆಮೇಲೆ ಗೋಡೆ ಹಿಡಿದು. ರೂಪಾಯಿಯಷ್ಟಿದ್ದ ಬೆಳಕು ನಾಲ್ಕಾಣೆಯಷ್ಟಾಯಿತು, ಆಮೇಲೆ ಬಾಗಿಲು ಎತ್ತ, ಕಿಟಕಿ ಎತ್ತ ಅನ್ನುವಷ್ಟು ಮಾತ್ರ. ನಾನು ಮದುವೆಗಳಲ್ಲಿ ಅವರ ದನಿ ಬಿಟ್ಟೆ. ಜನ ಕೇಳುತ್ತಿದ್ದರು, “ಫೋಟೊ ಚಾಚಾನ್ನ ಮಾಡಪಾ.” ಗಂಟಲು ಕೆಟ್ಟಿದೆ ಎನ್ನುತ್ತಿದ್ದೆ. ಅದೇ ಹೊತ್ತಿನಲ್ಲಿ ಮನೆಯ ಮಾಳಿಗೆಯ ಮೇಲೆ ಬೇರೊಂದನ್ನು ಕಲಿಯುತ್ತಿದ್ದೆ. ಮೊಬೈಲಿನಲ್ಲಿ ರಾಜಹಂಸದ ಕೂಗು ಹಾಕಿಕೊಂಡು, ಮೂಗು ಹಿಡಿದು, ಗಂಟಲ ತಳದಿಂದ, ಬಾತುಕೋಳಿಗೆ ನೆಗಡಿಯಾದ ಹಾಗೆ. “ಮ್ಯಾಲ ಏನ ಸಾಕೀಯೋ?” ಎಂದು ಅವ್ವ ಕೇಳಿದಳು. ಯಾಕೆ ಕಲಿಯುತ್ತಿದ್ದೆ ಎಂದು ನನಗೆ ನಾನೇ ಹೇಳಿಕೊಂಡಿರಲಿಲ್ಲ. ಗೊತ್ತಿತ್ತು.

ಯುಗಾದಿ ಕಳೆದ ಮೇಲೆ ಒಂದು ದಿನ, “ಚಾಚಾ, ಇನ್ನೊಮ್ಮೆ ಹೋಗಿ ಬರೂಣ” ಎಂದೆ. ಅವರು ಇಲ್ಲ ಅನ್ನುತ್ತಾರೆ ಎಂದುಕೊಂಡಿದ್ದೆ. ಕಪಾಟಿನ ಕಡೆ ಕೈ ತೋರಿಸಿ ನನ್ನಿಂದ ಕ್ಯಾಮೆರಾ ಇಸಿದುಕೊಂಡರು. ಹೊರಟ ದಿನ ಚಾಚಿ ಮನೆಯ ಬಾಗಿಲ ತನಕ ಬಂದು ನನ್ನ ಅಂಗೈಯಲ್ಲಿ ಒಂದು ಉತ್ತತ್ತಿ ಇಟ್ಟಳು. “ಇದನ್ನ ಬಾಯಾಗ ಇಟ್ಕೊ. ಅಲ್ಲಿ ಮುಟ್ಟಿ ತಿರುಗಿ ಬರೂತನಕ ನುಂಗಬ್ಯಾಡ, ಉಗುಳಬ್ಯಾಡ. ತಿಳೀತಿಲ್ಲೋ?” ತಿಳಿಯಿತು.

ನಾವಿಬ್ಬರೇ ಹೋದೆವು. ಬಸ್ಸು ಬದಲಿಸಿ, ತಂಗಡಗಿಯಿಂದ ಟಂಟಂ ಆಟೊ ಹಿಡಿದು. ಹೋಗುವ ಮೊದಲು ಮಾಸ್ತರರಿಗೆ ಫೋನು ಮಾಡಿ ಹಕ್ಕಿಗಳಿವೆಯೇ ಎಂದು ಕೇಳಬಹುದಿತ್ತು. ಕೇಳಲಿಲ್ಲ. ಕೇಳಿದ್ದರೆ ಉತ್ತರ ಸಿಗುತ್ತಿತ್ತು.

ಕಾವಲುಗಾರ ನಮ್ಮನ್ನು ನೋಡಿ ಗುರುತು ಹಿಡಿದ. ಚಾಚಾ ನನ್ನ ಮೊಣಕೈ ಹಿಡಿದು ನಡೆಯುವ ರೀತಿಯನ್ನು ನೋಡಿದ. ಚಾಚಾಗೆ ತಿಳಿಯದ ಹಾಗೆ ಅಂಗೈಯನ್ನು ಎರಡು ಸಲ ಅಡ್ಡಡ್ಡ ಆಡಿಸಿ ತೋರಿಸಿದ. ಇಲ್ಲ. ನಾನು ತಲೆಯಾಡಿಸಿದೆ. ಅವನು ದಾರಿ ಬಿಟ್ಟ.

ಒಡ್ಡಿನ ಸೀಳು ಹಾಗೇ ಇತ್ತು. ಸಿಂದಗಿಯವನ ಹೊಟ್ಟೆ ತಳ್ಳಿದ ಮಣ್ಣಿನ ಗುಪ್ಪೆಯೂ ಇತ್ತು. ಆಚೆ ನೀರು ಇನ್ನೂ ಹಿಂದೆ ಸರಿದು ಬರೀ ಬಿರುಕು. ದೂರದಲ್ಲಿ ಎರಡು ಬೆಳ್ಳಕ್ಕಿ, ಒಂದು ಎಮ್ಮೆ, ಎಮ್ಮೆಯ ಮೇಲೆ ಕಾಗೆ. ಬಿಸಿಲಿಗೆ ಮಣ್ಣು ಹಪ್ಪಳದಂತೆ ಎದ್ದಿತ್ತು. ಚಾಚಾ ಸೀಳನ್ನು ಕೈಯಿಂದ ತಡವಿ, ಅದೇ ಜಾಗದಲ್ಲಿ ಮಂಡಿಯೂರಿ, ಕ್ಯಾಮೆರಾದ ಮೂತಿಯ ಮುಚ್ಚಳ ತೆಗೆದು ಜೇಬಿಗಿಟ್ಟರು.

“ಅದಾವೇನೋ?”

ಉತ್ತತ್ತಿಯನ್ನು ಕೆನ್ನೆಗೆ ಸರಿಸಿದೆ. “ಅದಾವ, ಚಾಚಾ.”

“ಭಾಳ ಅದಾವೇನ?”

“ಭಾಳ ಅದಾವ. ದೂರ ಅದಾವ. ಎಡಕ್ಕ ಜರಾ.”

ಅವರು ಎಡಕ್ಕೆ ಜರಾ ತಿರುಗಿದರು. ಕ್ಯಾಮೆರಾ ಎಮ್ಮೆಯತ್ತ ತಿರುಗಿತು. ನಾನು ಬಾಯಿಂದ ಉತ್ತತ್ತಿ ತೆಗೆದು ಜೇಬಿಗೆ ಹಾಕಿಕೊಂಡೆ. ಕುಳಿತಲ್ಲೇ ಸರಿದು, ಮಾರಿಯನ್ನು ಆಚೆಗೆ ತಿರುಗಿಸಿ, ಎರಡೂ ಅಂಗೈಯನ್ನು ಬಾಯಿಗೆ ಕಹಳೆ ಮಾಡಿ, ದೂರದಿಂದ ಬಂದಂತೆ ಒಂದು ಹಕ್ಕಿ ಕೂಗಿದೆ. ಆಮೇಲೆ ಅದಕ್ಕೆ ಉತ್ತರ ಕೊಡುವ ಇನ್ನೊಂದು. ಆಮೇಲೆ ಇಡೀ ಹಿಂಡು ಗೊಣಗುವುದು. ಜೀವಮಾನದಲ್ಲಿ ಅಷ್ಟು ಚೆನ್ನಾಗಿ ನಾನು ಯಾರನ್ನೂ ಮಾಡಿರಲಿಲ್ಲ. ಎಮ್ಮೆಯ ಮೇಲಿನ ಕಾಗೆ ಕೂಡ ಎದ್ದುಹೋಯಿತು.

ಚಾಚಾ ಕ್ಯಾಮೆರಾವನ್ನು ಎಡಗಣ್ಣಿಗೆ ಇಟ್ಟರು. “ಗದ್ದ ಎತ್ತು,” ಎಂದು ತಮಗೆ ತಾವೇ ಹೇಳಿಕೊಂಡರು. “ಭುಜ ಸಡ್ಲ ಬಿಡು. ಉಸುರ ಹಿಡಿ.” ಬೆರಳು ಗುಂಡಿಯ ಮೇಲೆ ಬಂತು. ನಾನೂ ಉಸಿರು ಹಿಡಿದೆ. ಒತ್ತಲಿ, ದೇವರೇ, ಒಮ್ಮೆ ಒತ್ತಿಬಿಡಲಿ. ಏನು ಬಂದರೂ ಸರಿ, ಅದು ಹಕ್ಕಿಯೆಂದು ನಾನು ಸಾಯುವ ತನಕ ಹೇಳುತ್ತೇನೆ, ಚೌಕಟ್ಟು ತುಂಬಲಿ.

ಬೆರಳು ಹಾಗೇ ಇತ್ತು. ಆಮೇಲೆ ಅವರು ಹಿಡಿದ ಉಸಿರನ್ನು ಮೂಗಿನಿಂದ ಮೆಲ್ಲಗೆ ಬಿಟ್ಟರು. ಜೇಬಿನಿಂದ ಮುಚ್ಚಳ ತೆಗೆದು, ತಡವಿ, ಕ್ಯಾಮೆರಾದ ಮೂತಿಗೆ ಒತ್ತಿ ಕೂರಿಸಿದರು.

“ಯಾಕ, ಚಾಚಾ? ತಗೀರಲಾ. ಅಲ್ಲೇ ಅದಾವ. ಕೂಗೂದ ಕೇಳವಲ್ದೇನ?”

ಅವರು ಎದ್ದು ನಿಂತು, ಮೊಣಕಾಲಿನ ಮಣ್ಣು ಝಾಡಿಸಿ, ನನ್ನ ಮೊಣಕೈಗಾಗಿ ಗಾಳಿಯಲ್ಲಿ ಕೈ ಚಾಚಿದರು.

“ನೀ ದನಿ ತಗದ್ರ ಕಣ್ಣಿದ್ದವ್ರು ನಿನ್ನ ಮಾರಿ ನೋಡಿ ನಗತಾರ, ಮಗನ. ನನಗ ಬರೇ ದನಿ ಕೇಳತೈತಿ. ಚಲೋ ಬಂದಿಲ್ಲ.”